ಮೊಸರು ಬಂತೆಂದರೆ ಊಟ ಮುಗೀತು

ಗೋಕರ್ಣಕ್ಕೋ ಮುರುಡೇಶ್ವರಕ್ಕೋ ಹೋಗುವ ಬೆಂಗಳೂರಿನ ವೀಕೆಂಡ್ ಬಸ್ಸುಗಳು ಹೊನ್ನಾವರವನ್ನು ಸುಮ್ಮನೆ ದಾಟಿಬಿಡುತ್ತವೆ. ಶರಾವತಿ ಸೇತುವೆ ಮೇಲೆ ಯಾರೋ ಒಬ್ಬರು ಎದ್ದು ಫೋಟೋ ತೆಗೆಯುತ್ತಾರೆ, ಅಷ್ಟೇ. ನಾನು ಇಳಿದದ್ದು ಮೀನೂಟಕ್ಕೆ. ಅದಕ್ಕೊಂದು ಕಾರಣವೂ ಇತ್ತು: ಈ ಊರಿನ ಸುಮಾರು ಏಳು ಶತಮಾನ ಹಳೆಯ ಮೆನು ನಮಗೆ ಸಿಕ್ಕಿದೆ!

ಬರೆದಿಟ್ಟವನು ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ. 1342ರ ಸುಮಾರಿಗೆ ಇಲ್ಲಿಗೆ ಬಂದ ಅವನು ಊರನ್ನು 'ಹಿನೌರ್' ಎಂದು ಕರೆಯುತ್ತಾನೆ. ಆಗ ಇಲ್ಲಿ ಜಮಾಲುದ್ದೀನ್ ಎಂಬ ಸುಲ್ತಾನ. ಇವನು 'ಹರಿಯಬ್' ಎಂಬ ದೊರೆಗೆ ಅಧೀನ. ಆ ದೊರೆ ವಿಜಯನಗರದ ಹರಿಹರನೇ ಇರಬೇಕು ಅನ್ನುವುದು ಹಲವು ಇತಿಹಾಸಕಾರರ ಊಹೆ. ಸುಲ್ತಾನನ ಹಡಗುಬಲಕ್ಕೆ ಹೆದರಿ ಮಲಬಾರಿನವರು ಕಪ್ಪ ಕೊಡುತ್ತಿದ್ದರಂತೆ. ಗೋವಾದ ಮೇಲೆ ಹೋಗಲು 52 ಹಡಗು ಸಜ್ಜಾದವು, ಬತೂತನೂ ಹತ್ತಿ ಹೊರಟ. ಊರಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆ ಇದ್ದವು, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಅಂತ ಬೆರಗಾಗಿದ್ದಾನೆ. ಹದಿನಾಲ್ಕನೇ ಶತಮಾನದಲ್ಲಿ, ಗೊತ್ತಾ?

ಈಗ ಊಟಕ್ಕೆ ಬರೋಣ. ಮೊದಲು ಅನ್ನ, ಮೇಲೆ ತುಪ್ಪ. ಪಕ್ಕದಲ್ಲಿ ಕಾಳುಮೆಣಸಿನ ಗೊಂಚಲು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಅನ್ನ ಮುಗಿದರೆ ಇನ್ನೊಂದು ಸೌಟು, ಅದರ ಜೊತೆ ಕೋಳಿ. ಮತ್ತೆ ಅನ್ನ, ಆಮೇಲೆ ಬಗೆಬಗೆಯ ಮೀನು. ನಂತರ ತುಪ್ಪದಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಮೊಸರು ಬಂತೆಂದರೆ ಇನ್ನೇನೂ ಬರುವುದಿಲ್ಲ ಅಂತ ತಿಳೀಬೇಕು, ಅನ್ನುತ್ತಾನೆ. ಮಳೆಗಾಲದಲ್ಲಿ ತಣ್ಣೀರು ಆಗದು ಎಂದು ಕುಡಿಯಲು ಬಿಸಿನೀರು. ನಮ್ಮ ಅಜ್ಜಿಯೇ ಹೇಳಿದ ಹಾಗಿಲ್ವಾ? ರೊಟ್ಟಿ ತಿಂದು ಬೆಳೆದ ಆ ಮನುಷ್ಯ ಇನ್ನೊಂದು ಸಲ ಇಲ್ಲಿ ಹನ್ನೊಂದು ತಿಂಗಳು ಬರೀ ಅನ್ನ ತಿಂದು ಕಳೆದ.

ನನ್ನ ತಟ್ಟೆಯ ಬಂಗಡೆ ಸಾರು ಮಾತ್ರ ಕೆಂಪಗಿತ್ತು. ಆ ಕೆಂಪು ಬತೂತನ ಕಾಲದಲ್ಲಿ ಇರಲು ಸಾಧ್ಯವೇ ಇಲ್ಲ. ಅವನು ತಿಂದದ್ದು ಕಾಳುಮೆಣಸಿನ ಖಾರ. ಒಣಮೆಣಸು ಅಮೆರಿಕ ಖಂಡದ್ದು, ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅವರು ಬಂದದ್ದು ಕಾಳುಮೆಣಸಿಗಾಗಿ, ಬಿಟ್ಟುಹೋದದ್ದು ಅದರ ಜಾಗ ಕಿತ್ತುಕೊಳ್ಳುವ ಇನ್ನೊಂದು ಮೆಣಸನ್ನು. 1505ರಲ್ಲಿ ಅಲ್ಮೇಡಾ ಇಲ್ಲಿನ ಹಡಗುಗಳನ್ನು ಸುಟ್ಟ. 1569ರಲ್ಲಿ ಕೋಟೆಯೇ ಪೋರ್ಚುಗೀಸರ ಕೈಸೇರಿತು. 1654ರಲ್ಲಿ ಕೆಳದಿಯ ಶಿವಪ್ಪನಾಯಕ ಅದನ್ನು ಕಿತ್ತುಕೊಂಡ.

ಇಷ್ಟೆಲ್ಲ ಹೊಡೆದಾಟ ಯಾಕೆ? ನದಿಗಾಗಿ. ಘಟ್ಟದ ಮೆಣಸು ಗೇರುಸೊಪ್ಪಕ್ಕೆ ಇಳಿದು, ಅಲ್ಲಿಂದ ದೋಣಿಯಲ್ಲಿ ಶರಾವತಿ ಗುಂಟ ಹೊನ್ನಾವರಕ್ಕೆ ಬರುತ್ತಿತ್ತು. ಗೇರುಸೊಪ್ಪದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಅಂದದ್ದು ಸುಮ್ಮನೆ ಅಲ್ಲ.

ಊಟ ಮುಗಿಸಿ ಹೊಳೆಯಾಚೆ ಕಾಸರಕೋಡಿಗೆ ಹೋದೆ. ಮರಳಿನ ಮೇಲೆ ಹೆಂಗಸರು ಮೀನು ಒಣಗಿಸುತ್ತಿದ್ದರು. "ಒಣಮೀನು ಬೇಕಾ ತಮಾ?" ಅಂತ ಒಬ್ಬರು ಕೇಳಿದರು. ಕೊಂಡೆ. ಹಾಗೇ, ಹೊಳೆಯಲ್ಲಿ ಬಳಚು ಸಿಗುತ್ತದಾ ಅಂದೆ. "ಈ ಹೊಳೇಲಿ ಎಲ್ಲಿ? ನೀರು ಸಪ್ಪೆ ಆಗೋಯ್ತಲ್ಲ" ಅಂದರು.

ಅದು ಬರೀ ಮಾತಲ್ಲ. ಬಳಚಿಗೆ ಬೇಕಾದದ್ದು ಸಿಹಿಯೂ ಅಲ್ಲದ, ಪೂರ್ತಿ ಉಪ್ಪೂ ಅಲ್ಲದ ನೀರು. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರ ಅಳಿವೆಯೊಳಗೆ ನುಗ್ಗಿ ಆ ಹದ ತರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಆಮೇಲೆ ವಿದ್ಯುದಾಗಾರಗಳಿಂದ ಹೊರಬೀಳುವ ಸಿಹಿನೀರು ಬೇಸಿಗೆಯಲ್ಲೂ ಕೆಳಗೆ ಹರಿಯತೊಡಗಿತು. ಅಳಿವೆಯ ಉಪ್ಪಿನಂಶ ಇಳಿದು ಬಳಚಿನಂಥ ಚಿಪ್ಪುಜೀವಿಗಳು ಕಾಣೆಯಾದದ್ದನ್ನು, ಮೀನಿನ ಬಗೆಗಳು ಕಡಿಮೆಯಾದದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಪಕ್ಕದ ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಅಲ್ಲಿ ಇಂದಿಗೂ ಇಳಿತದ ಹೊತ್ತಿಗೆ ಜನ ಕೆಸರಿಗಿಳಿದು ಬಳಚು ಹೆಕ್ಕಿ ಸಂಸಾರ ನಡೆಸುತ್ತಾರೆ.

ಇದನ್ನು ಬರೆಯುತ್ತಿರುವ ನನ್ನ ಲ್ಯಾಪ್‌ಟಾಪಿಗೂ, ಓದುವ ನಿಮ್ಮ ಮನೆಯ ದೀಪಕ್ಕೂ ಶರಾವತಿಯ ಪಾಲಿದೆ. ಕರೆಂಟು ಬೇಡ ಅಂತ ನಾವ್ಯಾರೂ ಹೇಳಲಾರೆವು. ಆದರೆ ಪೋರ್ಚುಗೀಸರು ಕೊಂಡೊಯ್ದ ಮೆಣಸಿನ ಲೆಕ್ಕ ಪುಸ್ತಕಗಳಲ್ಲಿದೆ. ಬೆಂಗಳೂರಿಗೆ ಬಂದ ಬೆಳಕಿಗಾಗಿ ಆ ಅಳಿವೆ ಕೊಟ್ಟದ್ದರ ಲೆಕ್ಕ ಶಾಲೆಯ ಯಾವ ಪಾಠದಲ್ಲೂ ನಾನು ಓದಲಿಲ್ಲ. ಬತೂತನೂ ಅಷ್ಟೇ. ಸುಲ್ತಾನನ ತಟ್ಟೆಯನ್ನು ಅಷ್ಟು ವಿವರವಾಗಿ ಬಣ್ಣಿಸಿದವನು, ಆ ಮೀನು ಹಿಡಿದು ತಂದವರ ಬಗ್ಗೆ ಅಲ್ಲಿ ಒಂದು ಮಾತೂ ಆಡಲಿಲ್ಲ.

ಮುಂದಿನ ಸಲ ಆ ಸೇತುವೆ ದಾಟುವಾಗ ಇಳಿಯಿರಿ. ಮೀನೂಟ ಚೆನ್ನಾಗಿದೆ. ಬಳಚು ಸುಕ್ಕಾ ಸಿಕ್ಕರೆ, ಯಾವ ಹೊಳೆಯದು ಅಂತ ಒಮ್ಮೆ ಕೇಳಿ.