ತಪಸ್ಸುಕಾಲದ ಅರ್ಥ

ಹೈದರಾಬಾದಿನ ಸಮೀಪದ ಪಟಾನ್‌ಚೆರುವೇ ಶಾಸನಗಳ ಪೊಟ್ಟಲಕೆರೆಯೆಂದು ವಿದ್ವಾಂಸರು ಗುರುತಿಸಿದ್ದಾರೆ. 11ನೆಯ ಶತಮಾನದಲ್ಲಿ ಅದು ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನ ನೆಲೆವೀಡಾಗಿತ್ತು. ಅಲ್ಲಿ ದೊರೆತ ಜಿನಬಿಂಬಗಳು ಜೈನಧರ್ಮದ ಏಳಿಗೆಯನ್ನು ಸಾರುತ್ತವೆ. ಉಪವಾಸವ್ರತ ಆ ನೆಲಕ್ಕೆ ಹೊಸದಲ್ಲ.

ಕ್ರೈಸ್ತರಲ್ಲಿ ಈಸ್ಟರಿಗೆ ಮುನ್ನ ನಲವತ್ತು ದಿನಗಳ ವ್ರತಕಾಲವುಂಟು. 325ರ ನೈಸಿಯಾ ಸಭೆಯ ಕಟ್ಟಳೆಯಲ್ಲಿಯೇ ಅದರ ಉಲ್ಲೇಖವಿದೆ. ಪಾಶ್ಚಾತ್ಯ ಸಂಪ್ರದಾಯದಲ್ಲಿ ಅದು ವಿಭೂತಿ ಬುಧವಾರದಂದು ತೊಡಗುತ್ತದೆ. ಭಾನುವಾರಗಳು ಲೆಕ್ಕಕ್ಕೆ ಸೇರುವುದಿಲ್ಲ. ಕನ್ನಡ ಕಥೋಲಿಕರು ಅದನ್ನು ತಪಸ್ಸುಕಾಲವೆಂದು ಕರೆದರು. ಮಾತು ಒಂದೇ ಆದರೂ ಅರ್ಥ ಬೇರೆ. ಜೈನರಿಗೆ ತಪಸ್ಸು ಕರ್ಮನಿರ್ಜರೆಯ ಸಾಧನ. ಕ್ರೈಸ್ತರಿಗೆ ಅದು ಪಶ್ಚಾತ್ತಾಪದ ಗುರುತು. ಆದರೆ ಅನ್ನದಾನದಲ್ಲಿ ಎರಡು ದಾರಿಗಳೂ ಕೂಡುತ್ತವೆ. ಜೈನರು ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಎಣಿಸಿದರು; ಹಸಿದವರೊಡನೆ ಅನ್ನ ಹಂಚಿಕೊಳ್ಳದ ಉಪವಾಸ ದೇವರಿಗೆ ಸಲ್ಲದೆಂದು ಪ್ರವಾದಿ ಯೆಶಾಯನ ಗ್ರಂಥ ಬೋಧಿಸುತ್ತದೆ.

ಪಟಾನ್‌ಚೆರು 2016ರವರೆಗೆ ಸೇರಿದ್ದ ಮೆದಕ್ ಜಿಲ್ಲೆಯಲ್ಲಿ ಈ ಬೋಧೆಗೆ ಕಲ್ಲಿನ ಸಾಕ್ಷ್ಯವೇ ನಿಂತಿದೆ. ಬರದಿಂದ ಕಂಗೆಟ್ಟವರಿಗೆ ಕೆಲಸವನ್ನೂ ಅನ್ನವನ್ನೂ ಒದಗಿಸಿ ಪಾದ್ರಿ ಚಾರ್ಲ್ಸ್ ವಾಕರ್ ಪೋಸ್ನೆಟ್ ಕಟ್ಟಿಸಿದ ಮೆದಕ್ ಇಗರ್ಜಿ 1924ರ ಡಿಸೆಂಬರ್ 25ರಂದು ಪ್ರತಿಷ್ಠಿತವಾಯಿತು. ಬಡವನ ಹಸಿವು ವ್ರತವಲ್ಲ, ಅವನ ಮೇಲೆರಗಿದ ಸಂಕಟ. ಉಳ್ಳವನು ತಾನಾಗಿ ಬಿಟ್ಟ ತುತ್ತು ಆ ಬಡವನ ಎಲೆಯನ್ನು ಸೇರಿದಾಗಲೇ ತಪಸ್ಸುಕಾಲ ಸಾರ್ಥಕವಾಗುತ್ತದೆ.