ಗೋಲ್ಕೊಂಡದ ಯಾವ ತುಂಡನ್ನು ಕತ್ತರಿಸೋಣ?

ಇವತ್ತಿನ ಮಾತು ಮರದ ಹಾಳೆ ಮತ್ತು ಫೆವಿಕಾಲ್‌ನಿಂದ ಶುರುವಾಗಿ 1687ರ ಮುತ್ತಿಗೆಗೆ ಹೋಗುತ್ತೆ. ಎರಡಕ್ಕೂ ಏನು ಸಂಬಂಧ ಅಂತ ಅನ್ನಿಸಬಹುದು. ಸ್ವಲ್ಪ ತಾಳ್ಮೆಯಿಂದ ಓದಿ.

ಟೇಬಲ್ ಮೇಲೆ ಪುಟ್ಟ ಪುಟ್ಟ ಸೈನಿಕರ ಗೊಂಬೆ ಇಟ್ಟು, ಅಳತೆಪಟ್ಟಿ ಹಿಡಿದು, ದಾಳ ಉರುಳಿಸಿ ಆಡುವ ಆಟ ಇದೆಯಲ್ಲ, ಅದೇ ವಾರ್‌ಗೇಮ್. ಅದಕ್ಕೆ ಬೇಕಾದ ಮನೆ, ಗೋಡೆ, ಸೇತುವೆ, ಕೋಟೆಗಳನ್ನು ಈಗ ಎಂಡಿಎಫ್ ಹಾಳೆಯಲ್ಲಿ ಲೇಸರ್‌ನಿಂದ ಕತ್ತರಿಸಿ, ಕಿಟ್ ಮಾಡಿ ಮಾರುತ್ತಾರೆ. ನಾವು ಬಿಡಿಸಿ ಜೋಡಿಸಿಕೊಳ್ಳಬೇಕು. ಹೈದರಾಬಾದಿನಲ್ಲಿ ಕೂತು ನಾವು ಮೂವರು ಗೆಳೆಯರು ಇಂಥ ಕಿಟ್‌ಗಳನ್ನು ಸಾಕಷ್ಟು ಜೋಡಿಸಿದ ಮೇಲೆ ಒಂದು ಪ್ರಶ್ನೆ ಎದ್ದಿತು: ಯುರೋಪಿನ ಹಳ್ಳಿಮನೆ ಎಷ್ಟು ಅಂತ ಕಟ್ಟೋದು, ಪಕ್ಕದಲ್ಲೇ ಇರೋ ಗೋಲ್ಕೊಂಡ ಯಾಕೆ ಬೇಡ? ಆ ಪ್ರಶ್ನೆಗೆ ಉತ್ತರ ಹುಡುಕುವಾಗ ಇತಿಹಾಸದ ಬಗ್ಗೆಯೇ ಒಂದು ವಿಷಯ ತಿಳಿಯಿತು.

ಮೊದಲು ಈ ಆಟದ ಹಿನ್ನೆಲೆ ನೋಡೋಣ. ಯುದ್ಧವನ್ನು ಹಾಸಿನ ಮೇಲೆ ತಂದ ಮೊದಲಿಗರಲ್ಲಿ ನಮ್ಮವರೂ ಇದ್ದಾರೆ. ಚತುರಂಗ ಅಂದ್ರೆ ರಥ, ಆನೆ, ಕುದುರೆ, ಕಾಲಾಳು ಅನ್ನುವ ನಾಲ್ಕು ಅಂಗದ ಸೈನ್ಯ. ಆದರೆ ಚದುರಂಗದ ಮಣೆಯಲ್ಲಿ ನೆಲ ಇಲ್ಲ. ಅರವತ್ನಾಲ್ಕು ಮನೆಯೂ ಒಂದೇ ಸಮ. ಹಳ್ಳ ಇಲ್ಲ, ದಿಣ್ಣೆ ಇಲ್ಲ, ಕೆಸರು ಇಲ್ಲ. ಯುದ್ಧದ ಬಗ್ಗೆ ಸ್ವಲ್ಪ ಓದಿದವರಿಗೂ ಗೊತ್ತು, ಸೋಲು ಗೆಲುವನ್ನು ಎಷ್ಟೋ ಸಲ ತೀರ್ಮಾನಿಸೋದು ಆ ಹಳ್ಳ, ಆ ದಿಣ್ಣೆ.

ಆಟದ ಮಣೆಗೆ ನೆಲ ಬಂದದ್ದು ಜರ್ಮನ್ ನಾಡಿನಲ್ಲಿ. 1780ರಲ್ಲಿ ಬ್ರೌನ್ಶ್‌ವೈಗ್‌ನ ಹೆಲ್ವಿಗ್ ಅನ್ನುವ ಮೇಷ್ಟ್ರು ಚದುರಂಗದ ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಇದು ಬೆಟ್ಟ, ಇದು ಜೌಗು, ಇದು ನೀರು ಅಂತ ಗುರುತಿಸಿದರು. 1812ರಲ್ಲಿ ಪ್ರಷ್ಯಾದ ಅಧಿಕಾರಿ ಫಾನ್ ರೈಸ್‌ವಿಟ್ಸ್ ತಮ್ಮ ರಾಜನಿಗೆ ಒಂದು ದೊಡ್ಡ ಮೇಜು ಮಾಡಿಕೊಟ್ಟರು. ಅದರ ಮೇಲೆ ಬೆಟ್ಟ, ನದಿ, ರಸ್ತೆ ಮೂಡಿಸಿದ ಅಚ್ಚಿನ ಬಿಲ್ಲೆಗಳು. ಬೇಕಾದಂತೆ ಜೋಡಿಸಿ ಬೇರೆ ಬೇರೆ ನೆಲ ಮಾಡಿಕೊಳ್ಳಬಹುದಿತ್ತು. ಇವತ್ತಿನ ಟೆರೇನ್ ಕಿಟ್‌ಗೆ ಇದೇ ಅಜ್ಜ. ಅವರ ಮಗ 1824ರಲ್ಲಿ ಬಿಲ್ಲೆ ಬಿಟ್ಟು 1:8000 ಅಳತೆಯ ನಕ್ಷೆ ಹಿಡಿದರು, ಪ್ರಷ್ಯಾದ ಸೈನ್ಯ ಅದನ್ನು ಅಧಿಕಾರಿಗಳ ತರಬೇತಿಗೇ ಬಳಸಿತು. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಬರೆದು, ಆಟಿಕೆ ಫಿರಂಗಿ ಮತ್ತು ಮರದ ತುಂಡಿನ ಮನೆಗಳ ಜೊತೆ ಇದನ್ನು ಮತ್ತೆ ಮನೆಯ ನೆಲಕ್ಕೆ ತಂದರು.

ಲೇಸರ್ ಕಡೆಗೆ ಬಂದರೆ ಕಥೆ ನಮ್ಮ ಹತ್ತಿರಕ್ಕೇ ಬರುತ್ತೆ. ಮರ ಕತ್ತರಿಸುವ ಯಂತ್ರಗಳಲ್ಲಿ ಹೆಚ್ಚಾಗಿ ಇರೋದು ಕಾರ್ಬನ್ ಡೈಆಕ್ಸೈಡ್ ಲೇಸರ್. ಅದನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲ್. ಆ ಬೆಳಕಿನ ಅಲೆಯುದ್ದ ಸುಮಾರು 10.6 ಮೈಕ್ರಾನ್. ಮರ ಅದನ್ನು ಚೆನ್ನಾಗಿ ಹೀರುತ್ತೆ, ಹೀರಿದ ಗೆರೆಯಲ್ಲೇ ಸುಟ್ಟು ಸೀಳುತ್ತೆ. ನಮ್ಮ ಊರಲ್ಲಿ 2023ರಿಂದ ರಾಯದುರ್ಗಂನ ಟಿ-ವರ್ಕ್ಸ್ ಇದೆ. ಬೋರ್ಡು, ಮದುವೆ ಕಾರ್ಡು ಮಾಡುವ ಅಂಗಡಿಗಳಲ್ಲೂ ಈ ಯಂತ್ರ ಸಿಗುತ್ತೆ. ಹಾಗಾಗಿ ಕಿಟ್ ಹೊರಗಿಂದ ತರಿಸಲೇಬೇಕು ಅಂತೇನಿಲ್ಲ, ಫೈಲ್ ನಾವೇ ಬರೆದುಕೊಂಡು ಹೋಗಬಹುದು.

ಜೋಡಿಸುವ ಕೆಲಸ ಹೇಗಿರುತ್ತೆ ಅಂತ ಸ್ವಲ್ಪ ಹೇಳ್ತೀನಿ, ಮುಂದಿನ ಮಾತಿಗೆ ಬೇಕು. 3 ಮಿ.ಮೀ. ಹಾಳೆ ಅಂದರೂ ಅಂಗಡಿಯಲ್ಲಿ ಸಿಗೋದು 2.8 ಇರಬಹುದು, 3.2 ಇರಬಹುದು. ವರ್ನಿಯರ್‌ನಲ್ಲಿ ಅಳೆದ ಮೇಲೇ ಕಿಂಡಿಯ ಅಗಲ ತೀರ್ಮಾನಿಸಬೇಕು. ಲೇಸರ್ ತಾನು ಹೋದ ಗೆರೆಯಲ್ಲಿ ಸುಮಾರು 0.2 ಮಿ.ಮೀ. ಮರ ಸುಟ್ಟು ಹಾಕುತ್ತೆ, ಅದನ್ನೂ ಲೆಕ್ಕಕ್ಕೆ ತಗೋಬೇಕು, ಇಲ್ಲಾಂದ್ರೆ ಹಲ್ಲು ಕಿಂಡಿಯಲ್ಲಿ ಸಡಿಲ. ಮೊದಲು ಅಂಟಿಲ್ಲದೆ ಎಲ್ಲ ಜೋಡಿಸಿ ನೋಡೋದು, ಆಮೇಲೆ ಫೆವಿಕಾಲ್, ಒಣಗುವ ತನಕ ರಬ್ಬರ್ ಬ್ಯಾಂಡು. ಸುಟ್ಟ ಅಂಚಿನ ಮಸಿಯನ್ನು ಮಾಸ್ಕ್ ಹಾಕಿಕೊಂಡು ಉಜ್ಜಿ ತೆಗೆಯೋದು. ಎಂಡಿಎಫ್ ಅಂಚು ಬಣ್ಣ ಕುಡಿಯುತ್ತೆ, ಆದ್ದರಿಂದ ಮೊದಲು ಪ್ರೈಮರ್. ಹೈದರಾಬಾದಿನ ಮಳೆಗಾಲದಲ್ಲಿ ಒಂದೇ ಕಡೆ ಬಣ್ಣ ಬಳಿದು ಬಿಟ್ಟರೆ ಹಾಳೆ ಬಾಗುತ್ತೆ. ಎರಡೂ ಕಡೆ ಬಳಿಯಬೇಕು. ಆಮೇಲೆ ಅಂಟು, ಮರಳು, ಹಸಿರು ಪುಡಿ. ದಸರಾ ಗೊಂಬೆ ಕೂರಿಸುವಾಗ ಮೆಟ್ಟಿಲ ಪಕ್ಕದಲ್ಲಿ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡಿದವರಿಗೆ ಈ ಕೆಲಸ ಹೊಸದೇನಲ್ಲ.

ಇಲ್ಲೊಂದು ವಿಷಯ ಗಮನಿಸಿ. ಲೇಸರ್‌ಗೆ ಗೊತ್ತಿರೋದು ಚಪ್ಪಟೆ ಹಾಳೆ. ಚಪ್ಪಟೆ ಗೋಡೆ, ನೇರ ಮೂಲೆ, ಇಳಿಜಾರು ಮಾಡು ಇರುವ ಯುರೋಪಿನ ಮನೆ, ಗೋದಾಮು, ಫ್ಯಾಕ್ಟರಿಯ ಅವಶೇಷ ಅದಕ್ಕೆ ಸಲೀಸು. ಕಿಟ್‌ಗಳಲ್ಲಿ ಅಂಥವೇ ತುಂಬಿರೋದಕ್ಕೆ ಮಾರುಕಟ್ಟೆ ಒಂದು ಕಾರಣವಾದರೆ, ಹಾಳೆ ಇನ್ನೊಂದು. ಗೋಲ್ಕೊಂಡದಲ್ಲಿ ಗೋಡೆ ಬಂಡೆಯನ್ನು ಬಳಸಿ ಹತ್ತುತ್ತೆ, ಬಂಡೆಯೇ ಗೋಡೆಯಾಗುತ್ತೆ, ಬುರುಜು ಅರ್ಧಚಂದ್ರಾಕಾರ. ಹೊರಕೋಟೆಗೆ 87 ಬುರುಜು, 8 ಬಾಗಿಲು. ಬುರುಜಿಗೆ ಹಾಳೆಯಲ್ಲಿ ಒತ್ತೊತ್ತಾಗಿ ಸೀಳುಗೆರೆ ಹಾಕಿ ಬಗ್ಗಿಸಬೇಕು. ಬಂಡೆಗೆ ಥರ್ಮಾಕೋಲೇ ಗತಿ.

ಅಳತೆಯ ತೊಂದರೆ ಇನ್ನೂ ದೊಡ್ಡದು. ಗೊಂಬೆ 28 ಮಿ.ಮೀ. ಎತ್ತರ ಅಂದರೆ ಅಳತೆ ಹೆಚ್ಚುಕಮ್ಮಿ 1:60. ಗೋಲ್ಕೊಂಡ ಬೆಟ್ಟದ ಎತ್ತರ ಸುಮಾರು 120 ಮೀಟರ್. ಅಂದ್ರೆ ಫ್ಲ್ಯಾಟಿನ ಹಾಲಿನಲ್ಲಿ 2 ಮೀಟರ್ ಎತ್ತರದ ಬೆಟ್ಟ! 6 ಮಿ.ಮೀ. ಗೊಂಬೆಗೆ ಇಳಿದರೆ ಅಳತೆ 1:300, ಬೆಟ್ಟ 40 ಸೆಂ.ಮೀ. ಆಗುತ್ತೆ. ಆದರೂ ಆರು ಅಡಿ ಟೇಬಲ್ ಮೇಲೆ ಹಿಡಿಯೋದು 550 ಮೀಟರ್ ನೆಲ ಮಾತ್ರ. ಇಡೀ ಕೋಟೆ ಬರಲ್ಲ. ಒಂದು ತುಂಡನ್ನು ಆರಿಸಲೇಬೇಕು. ಯಾವ ತುಂಡು?

ಇದಕ್ಕೆ ಮುತ್ತಿಗೆಯ ಕಥೆ ಬೇಕು. ಕನ್ನಡಿಗರಿಗೆ ಅದು ವಿಜಯಪುರದಿಂದ ಶುರುವಾಗುತ್ತೆ. 1685ರಲ್ಲಿ ಮುತ್ತಿಗೆಗೆ ಸಿಕ್ಕ ಆದಿಲ್‌ಶಾಹಿ ರಾಜಧಾನಿ 1686ರ ಸೆಪ್ಟೆಂಬರ್‌ನಲ್ಲಿ ಔರಂಗಜೇಬನಿಗೆ ಶರಣಾಯಿತು. ಅದು ಮುಗಿದ ಕೆಲವೇ ತಿಂಗಳಿಗೆ, 1687ರ ಆರಂಭದಲ್ಲಿ, ಅವನ ಸೈನ್ಯ ಗೋಲ್ಕೊಂಡದ ಮುಂದೆ ನಿಂತಿತ್ತು. ಗೋಳಗುಮ್ಮಟದ ಊರು ಮತ್ತು ಗೋಲ್ಕೊಂಡ ಬಿದ್ದದ್ದು ಒಂದೇ ದಂಡಯಾತ್ರೆಯಲ್ಲಿ, ಒಂದು ವರ್ಷದ ಅಂತರದಲ್ಲಿ.

ಗೋಲ್ಕೊಂಡ ಸುಮಾರು ಎಂಟು ತಿಂಗಳು ತಡೆಯಿತು. ಮೇ ತಿಂಗಳ ಒಂದು ರಾತ್ರಿ ಮೊಗಲರು ಏಣಿ ಹಾಕಿ ಹತ್ತಲು ನೋಡಿದರು. ನಾಯಿ ಬೊಗಳಿ ಕಾವಲುಗಾರರು ಎಚ್ಚೆತ್ತರು ಅಂತ ಅಂದಿನ ಬರಹಗಳು ಹೇಳುತ್ತವೆ. ಬುರುಜಿನ ಅಡಿಗೆ ಸುರಂಗ ತೋಡಿ ಮದ್ದು ತುಂಬಿ ಸಿಡಿಸಿದರೆ ಕಲ್ಲುಮಣ್ಣೆಲ್ಲ ಮೊಗಲರ ಮೇಲೆಯೇ ಬಿತ್ತು. ಆಮೇಲೆ ಮಳೆ. ಶಿಬಿರದಲ್ಲಿ ಧಾನ್ಯ ಇಲ್ಲ. ಕೋಟೆಯ ಗುಂಡಿಗೆ ಸಿಕ್ಕವರಲ್ಲಿ ಕಿಲಿಚ್ ಖಾನ್ ಒಬ್ಬ. 1724ರಲ್ಲಿ ಹೈದರಾಬಾದಿನ ಮೊದಲ ನಿಜಾಮನಾದವನು ಅವನ ಮೊಮ್ಮಗ. ಕೊನೆಗೆ ಸೆಪ್ಟೆಂಬರ್‌ನಲ್ಲಿ ಅಬ್ದುಲ್ಲಾ ಖಾನ್ ಪನ್ನಿ ಎಂಬ ಕೋಟೆಯ ಒಬ್ಬ ಸರದಾರ ಒಳಗಿನಿಂದ ಬಾಗಿಲು ತೆರೆಸಿದ. ಅಬ್ದುರ್ ರಜಾಕ್ ಲಾರಿ ಮೈತುಂಬ ಗಾಯವಾಗಿ ಬೀಳುವ ತನಕ ಹೋರಾಡಿದ. ಸುಲ್ತಾನ ಅಬುಲ್ ಹಸನ್ ತಾನಾಶಾ ದೌಲತಾಬಾದಿನಲ್ಲಿ ಸೆರೆಯಾದ.

ಈಗ ತುಂಡಿನ ಪ್ರಶ್ನೆಗೆ ಬರೋಣ. ಎಲ್ಲರೂ ಮೊದಲು ಹೇಳೋದು ಬಾಗಿಲು. ಬಾಗಿಲು ಕಟ್ಟೋದು ಸುಲಭ, ಚೆಂದವಾಗಿ ಕಾಣುತ್ತೆ, ನಾಟಕವೂ ಇದೆ. ಆದರೆ ಬಾಗಿಲನ್ನೇ ಕತ್ತರಿಸಿ ಇಟ್ಟರೆ ನಮ್ಮ ಆಟ ಹೇಳುವ ಇತಿಹಾಸ ಒಂದೇ ಸಾಲಿನದು: ಒಬ್ಬ ದ್ರೋಹಿ ಇದ್ದ, ಕೋಟೆ ಬಿತ್ತು. ನಮ್ಮ ಕಡೆ ಎಷ್ಟೋ ಕೋಟೆಗಳ ಕಥೆ ಹೀಗೇ ಮುಗಿಯುತ್ತೆ. ಈ ಕಥೆ ಸುಳ್ಳು ಅಂತ ನಾನು ಹೇಳ್ತಿಲ್ಲ, ಬಾಗಿಲು ತೆರೆದದ್ದು ನಿಜ. ಆದರೆ ಲಂಚ ಕೊಡಲೇಬೇಕಾದ ಸ್ಥಿತಿ ಯಾಕೆ ಬಂತು ಅನ್ನೋದು ಬಾಗಿಲ ಹತ್ತಿರ ಕಾಣಲ್ಲ. ಅದು ಕಾಣೋದು ಬುರುಜು, ಅಗಳು ಮತ್ತು ಅದರ ಮುಂದೆ ತೋಡಿದ ಮೋರ್ಚಾ ಇರುವ ತುಂಡಿನಲ್ಲಿ. ಅಲ್ಲಿ ಏಣಿ ಸೋತಿತು, ಸುರಂಗ ಸೋತಿತು, ಫಿರಂಗಿ ಸೋತಿತು.

ಆ ಗೋಡೆ ಸುಮ್ಮನೆ ಅಷ್ಟು ಗಟ್ಟಿಯಾಗಿರಲಿಲ್ಲ. 1656ರಲ್ಲಿ, ಇನ್ನೂ ರಾಜಕುಮಾರನಾಗಿದ್ದಾಗಲೇ ಔರಂಗಜೇಬ ಒಮ್ಮೆ ಗೋಲ್ಕೊಂಡವನ್ನು ಮುತ್ತಿದ್ದ. ಆಗ ಈಶಾನ್ಯದ ಕಡೆ ಕೋಟೆಯ ಹೊರಗಿದ್ದ ಒಂದು ದಿಣ್ಣೆಯ ಅಪಾಯ ಗೊತ್ತಾಯಿತು. ಆಮೇಲೆ ಕುತುಬ್‌ಶಾಹಿಗಳು ಆ ದಿಣ್ಣೆಯನ್ನೇ ಒಳಗೆ ಹಾಕಿಕೊಂಡು ಗೋಡೆ ಬೆಳೆಸಿದರು. ಅದೇ ನಯಾ ಕಿಲಾ, ಈಗ ಗಾಲ್ಫ್ ಮೈದಾನ ಇರುವ ಜಾಗ. ಚದುರಂಗದ ಮಣೆಯಲ್ಲಿ ಇಂಥ ದಿಣ್ಣೆಗೆ ಜಾಗವೇ ಇಲ್ಲ.

ನಾವು ಬುರುಜನ್ನೇ ಆರಿಸಿಕೊಂಡೆವು. ಆದರೂ ಒಂದು ಮಾತು ನನ್ನನ್ನು ಕಾಡುತ್ತಿತ್ತು. ಎಂಟು ತಿಂಗಳನ್ನು ತೀರ್ಮಾನಿಸಿದ್ದು ಗುಂಡಿನಷ್ಟೇ ಹಸಿವು ಕೂಡ. ಆ ವರ್ಷದ ಕ್ಷಾಮದಲ್ಲಿ ಹೊರಗಿನ ಶಿಬಿರವೂ ನರಳಿತು, ಹೈದರಾಬಾದ್ ಊರಂತೂ ಹೇಳತೀರದಷ್ಟು ನರಳಿತು. ಆಗ ಊರಿಗೆ ಕೋಟೆಗೋಡೆಯೂ ಇರಲಿಲ್ಲ. ಹಸಿವನ್ನು ಯಾವ ಲೇಸರ್ ಕತ್ತರಿಸುತ್ತೆ?

ಕೊನೆಗೆ ಒಂದು ಕಟ್ಟಡ ಸಿಕ್ಕಿತು. ಬಾಲಾ ಹಿಸಾರ್‌ಗೆ ಹತ್ತುವ ದಾರಿಯಲ್ಲಿ ಅಂಬರಖಾನಾ ಅಂತ ಇದೆ, ರಾಜರ ಕಣಜ. ನೇರ ಗೋಡೆ, ಪೆಟ್ಟಿಗೆಯಂಥ ಆಕಾರ. ಲೇಸರ್‌ಗೆ ಹೇಳಿ ಮಾಡಿಸಿದಂತಿದೆ. ಅದನ್ನು ಟೇಬಲ್ಲಿನ ಮೂಲೆಯಲ್ಲಿಟ್ಟು, ಮಾಡು ತೆಗೆಯುವ ಹಾಗೆ ಅಂಟು ಹಾಕದೆ ಬಿಟ್ಟೆವು. ಒಳಗೆ ಎಂಟು ರಾಗಿ ಕಾಳು. ಒಂದು ಸುತ್ತು ಮುಗಿದರೆ ಒಂದು ಕಾಳು ಹೊರಗೆ. ಮೊಗಲ್ ಶಿಬಿರದ ಪಕ್ಕದಲ್ಲೂ ಒಂದು ಬಟ್ಟಲು, ಅದರಲ್ಲಿ ಐದೇ ಕಾಳು. ಮೊಗಲರ ಕಡೆ ಆಡುವವನು ಬಟ್ಟಲು ಖಾಲಿಯಾಗುತ್ತಾ ಬಂದಾಗ ತಾನಾಗಿಯೇ ಕೇಳುತ್ತಾನೆ: ಒಳಗಿನವರಲ್ಲಿ ಯಾರಿಗಾದರೂ ದುಡ್ಡು ಕೊಡಬಹುದಾ? ಆಗ ಬಾಗಿಲಿನ ಕಥೆ ಅರ್ಥವಾಗುತ್ತೆ.

ಹೈದರಾಬಾದ್ ಊರಿಗೆ ಮಾತ್ರ ಬಟ್ಟಲು ಇಟ್ಟಿಲ್ಲ. ಅದು ನಮ್ಮ ಟೇಬಲ್ಲಿನ ಅಂಚಿನ ಆಚೆ, ಮೈಲುಗಟ್ಟಲೆ ದೂರದಲ್ಲಿದೆ. ಅಲ್ಲಿ ಸತ್ತವರು ಯಾರ ಆಟದಲ್ಲೂ ಇಲ್ಲ. ಆಟ ಶುರುವಾಗುವ ಮುಂಚೆ ನಾವು ಅದನ್ನು ಬಾಯಿಬಿಟ್ಟು ಹೇಳಿಯೇ ಶುರುಮಾಡ್ತೀವಿ.

ಊರಿಂದ ಅಪ್ಪ ಅಮ್ಮ ಬಂದಾಗ ಹೇಗೂ ಗೋಲ್ಕೊಂಡಕ್ಕೆ ಕರ್ಕೊಂಡು ಹೋಗ್ತೀರಿ, ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿಸ್ತೀರಿ. ಈ ಸಲ ಮೇಲೆ ಹತ್ತುವಾಗ ಅಂಬರಖಾನಾ ಮುಂದೆಯೂ ಐದು ನಿಮಿಷ ನಿಲ್ಲಿ. ಮುಂದಿನ ಮಾತಿನಲ್ಲಿ ವಿಜಯಪುರದ ಮುತ್ತಿಗೆಗೆ ಹೋಗೋಣ. ಅಲ್ಲಿ ಯಾವ ತುಂಡನ್ನು ಕತ್ತರಿಸಬೇಕು ಅಂತ ನೀವೇ ಹೇಳಿ.