ದವಾಖಾನಿ ಬಾಗಿಲಿನಿಂದ ಹೆರಿಗೆ ಕೋಣೆಯವರೆಗೆ: ರಾಯಚೂರು ಸೀಮೆಯ ತಾಯಂದಿರ ಆರೈಕೆ

1998–99ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದ ಹೆರಿಗೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮನೆಯಲ್ಲೇ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಆಸ್ಪತ್ರೆ ಹೆರಿಗೆಯ ಪ್ರಮಾಣ ಶೇ 97ಕ್ಕೆ ಮುಟ್ಟಿತು. ಲಕ್ಷ ಜೀವಂತ ಜನನಕ್ಕೆ 2001–03ರಲ್ಲಿ 228ರಷ್ಟಿದ್ದ ತಾಯಂದಿರ ಸಾವು 2018–20ರ ವೇಳೆಗೆ 69ಕ್ಕೆ ಇಳಿಯಿತು. ಒಂದೇ ತಲೆಮಾರಿನಲ್ಲಿ ಇಷ್ಟು ದೂರ ಬಂದದ್ದು ದೊಡ್ಡ ಮಾತೇ. ಆದರೆ ರಾಜ್ಯದ ಸರಾಸರಿ ಮಂಗಳೂರನ್ನೂ ಮಾನ್ವಿಯನ್ನೂ ಒಂದೇ ತಕ್ಕಡಿಗೆ ಹಾಕಿ ತೂಗುತ್ತದೆ. ರಾಯಚೂರು, ದೇವದುರ್ಗ, ಮಾನ್ವಿಗಳ ಹಾದಿಯನ್ನು ಬೇರೆಯಾಗಿಯೇ ನೋಡಬೇಕು.

ಈ ಸೀಮೆ 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಸೇರಿದ ಮೇಲೂ ಸೌಲಭ್ಯಗಳು ನಿಧಾನವಾಗಿಯೇ ಬಂದವು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ 39 ತಾಲ್ಲೂಕುಗಳು ‘ಅತ್ಯಂತ ಹಿಂದುಳಿದವು’ ಎಂದು ಪಟ್ಟಿಯಾದವು. ದೇವದುರ್ಗದ್ದು ಕಟ್ಟಕಡೆಯ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡು ಭತ್ತ ಬೆಳೆಯುವ ಮಾನ್ವಿಯೂ ಅದೇ ಪಟ್ಟಿಯಲ್ಲಿತ್ತು. ಗದ್ದೆಗೆ ನೀರು ಬಂದಷ್ಟು ಬೇಗ ಊರಿಗೆ ವೈದ್ಯರು ಬರಲಿಲ್ಲ.

ಆಗ ಹಳ್ಳಿಗಳಲ್ಲಿ ಆಸರೆಯಾಗಿದ್ದವಳು ಸೂಲಗಿತ್ತಿ. ಸಲೀಸಾದ ಹೆರಿಗೆ ಅವಳ ಕೈಯಲ್ಲಿ ಸುಸೂತ್ರವಾಗಿಯೇ ಆಗುತ್ತಿತ್ತು. ಆದರೆ ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ, ರಕ್ತದೊತ್ತಡ ಏರಿ ಬರುವ ಫಿಟ್ಸ್, ಅಡ್ಡ ಸಿಕ್ಕಿಕೊಂಡ ಮಗು, ಇವು ಎಷ್ಟೇ ಅನುಭವಸ್ಥಳಾದರೂ ಅವಳ ಕೈಮೀರಿದ ಸಂಗತಿಗಳು. ಇಂಥ ಹೊತ್ತಿನಲ್ಲಿ ಬೇಕಾಗುವುದು ಔಷಧ, ರಕ್ತ, ಶಸ್ತ್ರಚಿಕಿತ್ಸೆ. ಆಸ್ಪತ್ರೆ ಹೆರಿಗೆಗೆ ಒತ್ತು ಬಿದ್ದದ್ದು ಇದಕ್ಕಾಗಿಯೇ.

ಬಾಗಿಲಿಗೆ ಕರೆತಂದ ದಶಕ

ಬದಲಾವಣೆ ವೇಗ ಪಡೆದದ್ದು 2005ರಿಂದ. ಆ ವರ್ಷ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಜೊತೆ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಯಲ್ಲಿ ಹೆತ್ತ ಹಳ್ಳಿಯ ಬಡ ತಾಯಿಗೆ ಕರ್ನಾಟಕದಲ್ಲಿ 700 ರೂಪಾಯಿ ನೆರವು ಸಿಗತೊಡಗಿತು. ಬಸುರಿಯರನ್ನು ಗುರುತಿಸಿ, ತಾಯಿ ಕಾರ್ಡ್ ಮಾಡಿಸಿ, ನೋವು ಬಂದಾಗ ಜೊತೆಗೆ ಹೋಗುವ ಆಶಾ ಕಾರ್ಯಕರ್ತೆಯರು ಬಂದರು. ರಾಜ್ಯ ಸರ್ಕಾರ ತನ್ನದೇ ‘ಪ್ರಸೂತಿ ಆರೈಕೆ’, ‘ಮಡಿಲು’ ಯೋಜನೆಗಳನ್ನು ಸೇರಿಸಿತು. ಮಡಿಲು ಕಿಟ್‌ನಲ್ಲಿದ್ದ 19 ಸಾಮಾನುಗಳಲ್ಲಿ ಸೊಳ್ಳೆಪರದೆ, ಹೊದಿಕೆ, ಕೂಸಿನ ಸ್ವೆಟರ್, ಟೋಪಿಗಳ ಜೊತೆ ಬಾಣಂತಿಯ ಹೊಟ್ಟೆಗೆ ಕಟ್ಟುವ ಬಟ್ಟೆಯೂ ಇತ್ತು. ಮನೆಯ ಹಿರಿಯಳು ಒಪ್ಪುವ ಬಾಣಂತನ ದವಾಖಾನೆಯಿಂದಲೂ ಸಿಗುತ್ತದೆ ಎಂಬ ಭರವಸೆ ಹುಟ್ಟಿಸಲು ಇಂಥ ಸಣ್ಣ ವಸ್ತುಗಳೇ ಸಾಕಾದವು.

ಹಿಂದುಳಿದ ಜಿಲ್ಲೆಗಳಲ್ಲಿ ಬಡವರಿಗೆ ಖಾಸಗಿ ಆಸ್ಪತ್ರೆಯಲ್ಲೂ ಉಚಿತ ಹೆರಿಗೆ ಮಾಡಿಸಲು ‘ತಾಯಿ ಭಾಗ್ಯ’ ಬಂತು. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಓಡತೊಡಗಿತು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸಿಜೇರಿಯನ್, ಔಷಧ, ರಕ್ತ, ಪರೀಕ್ಷೆ, ಊಟ, ಮನೆಗೆ ಮರಳುವ ವಾಹನ ಎಲ್ಲವೂ ಉಚಿತವಾಗಿ ಸಿಗಬೇಕಾದ ಹಕ್ಕಾದವು.

ಇಲ್ಲೊಂದು ಕೊರತೆಯಿತ್ತು. ಜನನಿ ಸುರಕ್ಷಾ ನೆರವು ಕರ್ನಾಟಕದಂಥ ರಾಜ್ಯಗಳಲ್ಲಿ ಮೊದಲಿಗೆ 19 ವರ್ಷ ತುಂಬಿದವರಿಗೆ, ಎರಡು ಹೆರಿಗೆಗೆ ಮಾತ್ರ ಮೀಸಲಾಗಿತ್ತು. ಬಾಲ್ಯವಿವಾಹ ಇನ್ನೂ ನಿಲ್ಲದ, ಮೂರನೆಯ ನಾಲ್ಕನೆಯ ಹೆರಿಗೆ ಅಪರೂಪವಲ್ಲದ ಈ ಸೀಮೆಯಲ್ಲಿ ಹೆಚ್ಚು ಅಪಾಯದಲ್ಲಿದ್ದವರೇ ಹೊರಗುಳಿದರು. ಆ ಷರತ್ತು ಸಡಿಲಾದದ್ದು 2013ರಲ್ಲಿ. ಮುಂದೆ 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ 5,000 ರೂಪಾಯಿಯೂ ಚೊಚ್ಚಲ ಮಗುವಿಗೆ ಸೀಮಿತವಾಗಿ ಶುರುವಾಯಿತು.

ಹೊಳೆ, ಗುಳೆ, ತವರು

ಯೋಜನೆಗಳು ತಾಯಿ ಒಂದೇ ಊರಲ್ಲಿ ಇರುತ್ತಾಳೆಂದು ನಂಬಿ ನಡೆಯುತ್ತವೆ. ಇಲ್ಲಿ ಹಾಗಿಲ್ಲ. ದೇವದುರ್ಗ, ಮಾನ್ವಿಯ ಕೂಲಿ ಕುಟುಂಬಗಳು ಬೆಂಗಳೂರು, ಪುಣೆಗಳಿಗೆ ಗುಳೆ ಹೋಗುತ್ತವೆ. ಬಸುರಿಯ ಮೊದಲ ತಪಾಸಣೆ ಗಂಡನ ಊರಲ್ಲಿ, ನಡುವಿನ ತಿಂಗಳುಗಳು ಕಟ್ಟಡದ ಕೆಲಸದ ಶೆಡ್ಡಿನಲ್ಲಿ, ಕುಬಸ ಮುಗಿಸಿ ಹೆರಿಗೆಗೆ ತವರಿನಲ್ಲಿ. ಮೂರೂ ಕಡೆಯ ಲೆಕ್ಕ ಒಂದೇ ಪುಟಕ್ಕೆ ಬರಬೇಕಾದರೆ ಅವಳ ಸೊಂಟದ ಚೀಲದಲ್ಲಿರುವ ತಾಯಿ ಕಾರ್ಡೇ ಗತಿ. ಅದು ಕಳೆದರೆ ಹಿಮೋಗ್ಲೋಬಿನ್ ಎಷ್ಟಿತ್ತು, ಬಿಪಿ ಯಾವಾಗ ಏರಿತು ಎಂಬುದೂ ಕಳೆದಂತೆ.

ಹೊಳೆಯದು ಇನ್ನೊಂದು ಕತೆ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾದಂಥ ಕೃಷ್ಣೆಯ ನಡುಗಡ್ಡೆಗಳಿಗೆ ತೆಪ್ಪವೇ ದಾರಿಯಾಗಿದ್ದ ಕಾಲದಲ್ಲಿ ಹೊಳೆ ತುಂಬಿದರೆ ಯಾವ ಆಂಬುಲೆನ್ಸೂ ದಡ ದಾಟುವಂತಿರಲಿಲ್ಲ. 2014ರ ಮಳೆಗಾಲದಲ್ಲಿ ಪಕ್ಕದ ಸುರಪುರ ತಾಲ್ಲೂಕಿನ ನೀಲಕಂಠರಾಯನಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು, ಮನೆಯವರ ಜೊತೆ ಕೃಷ್ಣೆಯನ್ನು ಈಜಿ ಕಕ್ಕೇರಾ ಕಡೆಯ ದಡ ಸೇರಿದರು. ಸುದ್ದಿ ದೇಶದಾಚೆಗೂ ಹೋಯಿತು. ಅವರ ಧೈರ್ಯವನ್ನು ಎಲ್ಲರೂ ಹೊಗಳಿದರು, ಬೇಕಾಗಿದ್ದದ್ದು ಸೇತುವೆ.

ಊಟದ ಪ್ರಯೋಗ

ಗರ್ಭಿಣಿಯರ ರಕ್ತಹೀನತೆಯ ವಿಷಯದಲ್ಲಿ ಮಾತ್ರ ರಾಜ್ಯ ನಿಂತಲ್ಲೇ ನಿಂತಿದೆ. 2015–16ರಲ್ಲೂ 2019–21ರಲ್ಲೂ ಪ್ರಮಾಣ ಶೇ 45ರ ಆಸುಪಾಸು. ಮೊದಲೇ ರಕ್ತ ಕಡಿಮೆಯಿದ್ದವಳಿಗೆ ಹೆರಿಗೆಯ ಸಾಧಾರಣ ರಕ್ತಸ್ರಾವವೂ ಪ್ರಾಣಕ್ಕೆ ಬರುತ್ತದೆ. ಇದಕ್ಕೆ ಊಟದ ಮೂಲಕ ಉತ್ತರ ಹುಡುಕಿದ ‘ಮಾತೃಪೂರ್ಣ’ ಯೋಜನೆಯನ್ನು 2017ರಲ್ಲಿ ಮೊದಲು ಪ್ರಯೋಗಕ್ಕಿಟ್ಟ ನಾಲ್ಕು ತಾಲ್ಲೂಕುಗಳಲ್ಲಿ ಮಾನ್ವಿಯೂ ಒಂದು. ಅದೇ ವರ್ಷದ ಅಕ್ಟೋಬರ್ 2ರಿಂದ ಯೋಜನೆ ರಾಜ್ಯಕ್ಕೆಲ್ಲ ಹರಡಿತು. ಅನ್ನ, ಸಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಉಂಡ ಮೇಲೆ ಅಂಗನವಾಡಿ ಟೀಚರ್ ಎದುರೇ ಕಬ್ಬಿಣಾಂಶದ ಮಾತ್ರೆ. ಮನೆಗೆ ಕೊಟ್ಟ ರೇಷನ್ ಎಲ್ಲರ ಪಾಲಾಗುತ್ತದೆ, ತಟ್ಟೆಗೆ ಬಡಿಸಿದ್ದು ತಾಯಿಯ ಹೊಟ್ಟೆಗೇ ಹೋಗುತ್ತದೆ ಎಂಬುದು ಲೆಕ್ಕಾಚಾರ. ಲೆಕ್ಕ ಸರಿ, ಹೊತ್ತು ಕೂಡಲಿಲ್ಲ. ಹತ್ತಿ ಬಿಡಿಸಲು ಹೊಲಕ್ಕೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬರಲಾರಳು. ಹಸಿ ಬಾಣಂತಿಯನ್ನು ಹೊಸಿಲು ದಾಟಿಸಲು ಅತ್ತೆ ಒಪ್ಪಳು.

ಇನ್ನು ಒಳಗಿನ ಕೆಲಸ

ತಾಯಂದಿರು ಬಾಗಿಲಿಗೆ ಬಂದ ಮೇಲೆ ಪ್ರಶ್ನೆ ಒಳಕ್ಕೆ ಸರಿಯಿತು. 1997ರವರೆಗೆ ರಾಯಚೂರಿನ ಭಾಗವೇ ಆಗಿದ್ದ ಕೊಪ್ಪಳದ ತಾಯಂದಿರ ಸಾವುಗಳ ಅಧ್ಯಯನಗಳು ಆಗಲೇ ಎಚ್ಚರಿಸಿದ್ದವು: ಸೇವೆಯ ಲೋಪವೂ ಪ್ರಾಣ ತೆಗೆಯುತ್ತದೆ. ರಾಯಚೂರೂ ಸೇರಿ ಉತ್ತರದ ಎಂಟು ಜಿಲ್ಲೆಗಳಲ್ಲಿ ನಡೆದ ‘ಸುಕ್ಷೇಮ’ ಯೋಜನೆ ಅನುಭವಿ ನರ್ಸ್‌ಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾರ್ಗದರ್ಶಕರನ್ನಾಗಿ ಕಳಿಸಿ, ಹೆರಿಗೆ ಕೋಣೆಯ ಸಿಸ್ಟರ್‌ಗಳ ಪಕ್ಕದಲ್ಲೇ ನಿಂತು ಕಲಿಸುವ ಕ್ರಮ ತಂದಿತು. 2016ರಿಂದ ಪ್ರತಿ ತಿಂಗಳ 9ರಂದು ಗರ್ಭಿಣಿಯರಿಗೆ ವೈದ್ಯರ ತಪಾಸಣೆ, 2017ರಿಂದ ಹೆರಿಗೆ ಕೋಣೆಗಳ ಗುಣಮಟ್ಟಕ್ಕಾಗಿ ‘ಲಕ್ಷ್ಯ’ ಬಂದವು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅನುಮಾನ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿದ್ದಾಗ, ಏರಿಸುವ ಬಾಟಲಿಯ ಗುಣಮಟ್ಟವೂ ತಾಯಿಯ ಆರೈಕೆಯ ಭಾಗವೆಂಬುದು ರಾಜ್ಯಕ್ಕೆಲ್ಲ ಅರಿವಾಯಿತು.

ರಾಯಚೂರು ನಗರದಲ್ಲಿ 2007ರಲ್ಲಿ ಆರಂಭವಾದ ರಿಮ್ಸ್ ವೈದ್ಯಕೀಯ ಕಾಲೇಜು ಇದೆ; ಏಮ್ಸ್‌ಗಾಗಿ 2022ರ ಮೇ ತಿಂಗಳಲ್ಲಿ ಹೋರಾಟ ಹೂಡಲಾಯಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ದೇವದುರ್ಗ, ಮಾನ್ವಿಯಿಂದ ನಗರಕ್ಕೆ 50 ಕಿ.ಮೀ. ಆಸುಪಾಸಿನ ದಾರಿ, ಹೆರಿಗೆಯ ನಂತರದ ತೀವ್ರ ರಕ್ತಸ್ರಾವ ಅಷ್ಟು ಹೊತ್ತು ಕಾಯುವುದಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ಶೇಖರಿಸಿಟ್ಟ ರಕ್ತ, ಈ ನಾಲ್ಕೂ ಒಟ್ಟಿಗೆ ಇರಬೇಕು. ಒಂದಿಲ್ಲದಿದ್ದರೂ ಉಳಿದ ಮೂರು ಕೆಲಸಕ್ಕೆ ಬಾರದೆ ಚೀಟಿಯ ಮೇಲೆ ‘ರೆಫರ್’ ಎಂದು ಬರೆಯಬೇಕಾಗುತ್ತದೆ. ಸಂವಿಧಾನದ 371(ಜೆ) ಕಲಮಿನಿಂದ ಈ ಭಾಗದ ಮಕ್ಕಳಿಗೆ ವೈದ್ಯಕೀಯ ಸೀಟುಗಳಲ್ಲಿ, ಹುದ್ದೆಗಳಲ್ಲಿ ಮೀಸಲಾತಿ ಸಿಕ್ಕಿದೆ. ಹಾಗೆ ಓದಿ ಬಂದವರು ತಾಲ್ಲೂಕಿನಲ್ಲಿ ನಿಲ್ಲುವಂತೆ ಮನೆ, ಸಂಬಳ, ಜೊತೆಗಾರರನ್ನು ಒದಗಿಸುವುದು ಮುಂದಿನ ಹೆಜ್ಜೆ. ಎಷ್ಟು ಹೆರಿಗೆ ಆಸ್ಪತ್ರೆಯಲ್ಲಾದವು ಎಂಬ ಲೆಕ್ಕ ಬಹುತೇಕ ಮುಗಿಯಿತು. ರಾತ್ರಿ ಬಂದ ತಾಯಂದಿರಲ್ಲಿ ಎಷ್ಟು ಮಂದಿ ಅದೇ ತಾಲ್ಲೂಕು ಆಸ್ಪತ್ರೆಯಲ್ಲಿ ಹೆತ್ತು, ಅಲ್ಲಿಂದಲೇ ಕೂಸಿನೊಂದಿಗೆ ಮನೆಗೆ ಹೋದರು ಎಂಬ ಲೆಕ್ಕವನ್ನು ಜಿಲ್ಲಾ ಆಡಳಿತ ಪ್ರತಿ ತಿಂಗಳು ಜನರ ಮುಂದಿಡಲಿ.